ರೇಡಿಯೋ ಬಂದಾದ ತಿಂಗಳು

ಮಾರ್ಚ್ 3, ಸೋಮವಾರ

ಗಂಟಲಿನ ಆಪರೇಷನ್ ಆಗಿ ಇಂದಿಗೆ ಮೂರು ದಿನ. ಸ್ವರತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆದಿದ್ದಾರೆ. ಅಕ್ಕಿಕಾಳಿಗಿಂತ ಚಿಕ್ಕದಂತೆ. ಅಷ್ಟು ಚಿಕ್ಕ ತಪ್ಪಿಗೆ ಮೂರು ವಾರದ ಮೌನ ಶಿಕ್ಷೆ. ಮಾತಾಡಬಾರದು, ಪಿಸುಗುಟ್ಟಬಾರದು, ಗುನುಗಬಾರದು, ಕೊನೆಗೆ ಹೂಂಗುಡಲೂಬಾರದು.

‘ಧ್ವನಿ ವಾಪಸ್ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ ಮೇಡಂ,’ ಎಂದರು ಡಾಕ್ಟರಮ್ಮ. ‘ಮಾತಾಡಿದ್ರೆ ಬರಲ್ಲ ಅಂತ ಮಾತ್ರ ಭರವಸೆ ಕೊಡ್ತೀನಿ.’

ಅದಕ್ಕೇ ಈ ಡೈರಿ. ಒಳಗೆ ತುಂಬಿದ್ದನ್ನು ಎಲ್ಲಾದರೂ ಸುರಿಯಬೇಕಲ್ಲ. ನಲ್ಲಿ, ಶವರ್ ಮಾಡುವ ಕಂಪನಿಯಲ್ಲಿ ಇಪ್ಪತ್ತೈದು ವರ್ಷದಿಂದ ನಾನು ಮಾರಾಟಗಾರರಿಗೆ ತರಬೇತಿ ಕೊಡುವವಳು. ದಿನಕ್ಕೆ ಆರು ಗಂಟೆ ನಿಂತು ಮಾತಾಡುವುದೇ ಕಸುಬು. ಬಿಸಿನೆಸ್ ಸ್ಕೂಲಿನಲ್ಲಿ ನನಗಿದ್ದ ಹೆಸರೇ ರೇಡಿಯೋ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ಬಾಯಿ ಹೋದವರು ಸುಗ್ಗಿಯಲ್ಲಿ ಏನು ಮಾಡಬೇಕೋ, ಗಾದೆ ಕಟ್ಟಿದವರು ಹೇಳಿಲ್ಲ.

ಅತ್ತೆ ಬೆಳಿಗ್ಗೆ ನಡುಮನೆಯಲ್ಲಿ ಕೂತು ಸುತ್ತಲೂ ನೋಡಿ, ‘ನಮ್ಮ ಮನೆ ಇಷ್ಟು ದೊಡ್ಡದಿದೆ ಅಂತ ಗೊತ್ತೇ ಇರಲಿಲ್ಲ,’ ಎಂದರು. ಅದಕ್ಕೆ ನನ್ನ ಹತ್ತಿರ ಮೂರು ಉತ್ತರಗಳಿದ್ದವು. ಮೂರನ್ನೂ ನುಂಗಿದೆ. ಗಂಟಲು ನೋಯಿತು.

ಮಾರ್ಚ್ 4, ಮಂಗಳವಾರ

ಮ್ಯಾನೇಜರರ ಮೆಸೇಜು: ‘ನಿಮ್ಮ ಕ್ಲಾಸನ್ನ ನಿಮ್ಮ ಅಸಿಸ್ಟೆಂಟ್ ತಗೋತಿದಾರೆ. ಚಿಂತೆ ಬೇಡ, ಚೆನ್ನಾಗಿ ನಡೀತಿದೆ.’

ಚೆನ್ನಾಗಿ! ಆ ಪದವನ್ನು ಎಂಟು ಸಲ ಓದಿದೆ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಛತ್ರಿ ಫೋನ್ ಮಾಡಿದ. ನಮ್ಮ ಬ್ಯಾಚಿನವನು, ಹಾಜರಿ ಕರೆಯುವಾಗ ನಾಲ್ಕು ದನಿಯಲ್ಲಿ ‘ಎಸ್ ಸರ್’ ಅಂದು ನಾಲ್ವರನ್ನು ಸಿನಿಮಾಗೆ ಕಳಿಸುತ್ತಿದ್ದ ಮಹಾನುಭಾವ. ಇವರು ಫೋನ್ ತೆಗೆದು ನನ್ನ ಸ್ಥಿತಿಯನ್ನು ಎರಡೇ ವಾಕ್ಯದಲ್ಲಿ ವಿವರಿಸಿದರು (ನಮ್ಮ ಯಜಮಾನರು ಯಾವುದನ್ನೂ ಎರಡು ವಾಕ್ಯ ದಾಟಿಸುವವರಲ್ಲ), ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಹೋದರು.

‘ಅಂದ್ರೆ ರೇಡಿಯೋ ಬಂದ್?’ ಎಂದು ಛತ್ರಿ ಅರ್ಧ ನಿಮಿಷ ನಕ್ಕ. ಆಮೇಲೆ ‘ಸಾರಿ ಕಣೇ’ ಅಂದ. ಆಮೇಲೆ ಮತ್ತೆ ನಕ್ಕ.

ವಿಷಯ ಇಷ್ಟು. ನಾವು ಓದು ಮುಗಿಸಿ ಇಪ್ಪತ್ತೈದು ವರ್ಷ. ಏಪ್ರಿಲ್ 12ಕ್ಕೆ ಹಳೇ ಕಾಲೇಜಿನ ಹಾಲಿನಲ್ಲಿ ಎಲ್ಲರೂ ಸೇರುವುದು. ಅಷ್ಟರೊಳಗೆ ಯಾರೆಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಒಬ್ಬೊಬ್ಬರಿಗೆ ಅರ್ಧ ಪುಟದಂತೆ ಒಂದು ಚಿಕ್ಕ ಪುಸ್ತಕ ಆಗಬೇಕು. ಮೂವತ್ತೆಂಟು ಜನ.

‘ಬರೆಯೋಕೆ ನೀನೇ ಸರಿ. ನಿಂಗೆ ಬೇರೆ ಕೆಲಸವೂ ಇಲ್ಲ. ಎಲ್ಲರಿಗೂ ನಿಂಗೇ ಫೋನ್ ಮಾಡೋಕೆ ಹೇಳ್ತೀನಿ. ಅವರು ಮಾತಾಡ್ಲಿ, ನೀನು ಕೇಳು. ಹೂಂಗುಡೋಕೆ ಒಂದು ಚಮಚ ಇಟ್ಕೋ. ಒಂದು ಸಲ ಕುಟ್ಟಿದ್ರೆ ಹೂಂ, ಎರಡು ಸಲ ಕುಟ್ಟಿದ್ರೆ ಊಹೂಂ. ಬರ್ಕೋ, ನನ್ನಿಂದಲೇ ಶುರು. ಸಭೆ ಸಮಾರಂಭಕ್ಕೆ ಕುರ್ಚಿ ಬಾಡಿಗೆ ಕೊಡ್ತೀನಿ. ಆರು ಸಾವಿರ ಕುರ್ಚಿ ಇದೆ, ಕೂರೋಕೆ ಪುರುಸೊತ್ತಿಲ್ಲ.’

ಅರ್ಧ ಗಂಟೆ ಮಾತಾಡಿದ. ಅವನ ಕುರ್ಚಿ ವ್ಯಾಪಾರಕ್ಕೆ ನಾನು ಕೊಡಬಹುದಾಗಿದ್ದ ಸಲಹೆಗಳು ಹಾಳಾಗಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ. ಕುರ್ಚಿಯ ಜೊತೆ ಮೇಜೂ ಇಡಬೇಕು. ಕುರ್ಚಿಯ ಬೆನ್ನಿಗೆ ತನ್ನ ಫೋನ್ ನಂಬರ್ ಬರೆಸಬೇಕು. ಮಕ್ಕಳಿಗೆ ಚಿಕ್ಕ ಕುರ್ಚಿ ಮಾಡಿಸಬೇಕು. ನನ್ನ ಮಾತಿಗೆ ಎಡೆ ಇದ್ದಿದ್ದರೆ ಅವನು ಇಷ್ಟು ಹೊತ್ತಿಗೆ ಹತ್ತು ಸಾವಿರ ಕುರ್ಚಿಯ ಒಡೆಯ.

ಮಾರ್ಚ್ 11, ಮಂಗಳವಾರ

ದಿನಕ್ಕೆ ಮೂರು ನಾಲ್ಕು ಫೋನು ಬರುತ್ತಿವೆ. ಇವತ್ತು ದೊರೆಯ ಸರದಿ. ಚಳಿಯಿರಲಿ ಬಿಸಿಲಿರಲಿ ಟೈ ಕಟ್ಟಿಕೊಂಡೇ ಕ್ಲಾಸಿಗೆ ಬರುತ್ತಿದ್ದ. ಈಗ ಬ್ಯಾಂಕೊಂದರಲ್ಲಿ ತುಂಬ ಮೇಲಿನ ಹುದ್ದೆ. ಮೊದಲ ಹತ್ತು ನಿಮಿಷ ಹುದ್ದೆಯೇ ಮಾತಾಡಿತು. ನಾನು ಲೆಕ್ಕ ತಪ್ಪದಂತೆ ಚಮಚ ಕುಟ್ಟುತ್ತಾ ಹೋದೆ. ಆಮೇಲೆ ಸುಮ್ಮನಾದ. ಬೇರೆ ದಿನವಾಗಿದ್ದರೆ ಅಂಥ ಜಾಗ ಸಿಕ್ಕಿದ್ದೇ ತಡ ನಾನು ನುಗ್ಗುತ್ತಿದ್ದೆ. ಈಗ ಕಾದೆ, ಬೇರೆ ದಾರಿ ಎಲ್ಲಿದೆ.

‘ಇನ್ನೊಂದು ವಿಷಯ ಇದೆ. ಯಾರಿಗೂ ಹೇಳಬೇಡ,’ ಎಂದ. ‘ಅಯ್ಯೋ, ನೀನು ಹೇಳೋಕಾಗಲ್ಲ ಅಲ್ವಾ!’

ಕುಟ್ಟಿದೆ.

‘ಮಗಳಿಗೆ ಜೂನ್‌ನಲ್ಲಿ ಹೆರಿಗೆ. ನಾನು ಟೋಪಿ ಹೆಣೀತಿದೀನಿ ಕಣೇ, ಉಲ್ಲನ್ ಟೋಪಿ. ಮಧ್ಯಾಹ್ನ ಎರಡರಿಂದ ಎರಡೂವರೆ, ಕ್ಯಾಬಿನ್ ಬಾಗಿಲು ಹಾಕ್ಕೊಂಡು. ಸೆಕ್ರೆಟರಿಗೆ ಏನೋ ಮುಖ್ಯವಾದ ಮೀಟಿಂಗ್ ಅಂತ ಹೇಳಿದೀನಿ. ಮೊದಲನೇದು ಕಲ್ಲಂಗಡಿ ಹಣ್ಣಿಗೆ ಆಗೋಷ್ಟು ದೊಡ್ಡದಾಯ್ತು. ಎರಡನೇದು ನಿಂಬೆಹಣ್ಣಿಗೆ. ಮೂರನೇದು ಬಹುಶಃ ಮಗುಗೆ ಆಗುತ್ತೆ.’

ನಗಬಾರದು, ಡಾಕ್ಟರ ಆಜ್ಞೆ. ದಿಂಬು ಕಚ್ಚಿಕೊಂಡೆ.

ಫೋನ್ ಇಡುವ ಮುಂಚೆ, ‘ಪಿಸುಮಾತು ನೆನಪಿದಾಳಾ?’ ಎಂದ. ‘ನನ್ನ ಹೆಂಡತಿಗೆ ಈಜು ಕಲಿಸಿದ್ದು ಅವಳೇ. ನಿಮ್ಮ ಗುಂಪಿನೋಳು. ಆ ಲಾಂಡ್ರಿ ಯೋಜನೆ ಮಾಡಿದಳಲ್ಲ, ಅವಳು.’

ಎರಡು ಸಲ ಕುಟ್ಟಿದೆ.

‘ಹೂಂ, ಅವಳೇ.’

ಮತ್ತೆ ಎರಡು ಸಲ, ಜೋರಾಗಿ.

‘ಗೊತ್ತಾಯ್ತಲ್ಲ, ಅವಳೇ ಕಣೇ!’ ಎಂದು ಸಂತೋಷವಾಗಿ ಫೋನ್ ಇಟ್ಟ.

ಮಾರ್ಚ್ 12, ಬುಧವಾರ

ನಿಜ ನಿಜವಾಗಿಯೇ ಇರಲಿ ಎಂದು ಬರೆಯುತ್ತಿದ್ದೇನೆ. ಎರಡನೇ ವರ್ಷದಲ್ಲಿ ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಒಂದೊಂದು ಸಣ್ಣ ಅಂಗಡಿಯ ಕಷ್ಟಕ್ಕೆ ಪರಿಹಾರ ಹುಡುಕಲು ಬಿಟ್ಟಿದ್ದರು. ನಮ್ಮ ಪಾಲಿಗೆ ಬಂದದ್ದು ಲಾಂಡ್ರಿ. ತಡವಾಗುತ್ತದೆಂದು ಗಿರಾಕಿಗಳು ಬಿಟ್ಟು ಹೋಗುತ್ತಿದ್ದಾರೆಂದು ಮಾಲೀಕರ ದೂರು. ನಾವು ಹೇಳಿದ್ದೇನೆಂದರೆ, ಜನರಿಗೆ ಕಾಯುವುದು ಕಷ್ಟವಲ್ಲ. ಎಷ್ಟು ಹೊತ್ತು ಕಾಯಬೇಕೆಂದು ತಿಳಿಯದಿರುವುದು ಕಷ್ಟ. ಬಟ್ಟೆ ತೆಗೆದುಕೊಳ್ಳುವಾಗಲೇ ಯಾವ ದಿನ, ಎಷ್ಟು ಗಂಟೆಗೆ ಬರಬೇಕೆಂದು ಚೀಟಿ ಬರೆದುಕೊಡಿ. ಅಷ್ಟೇ.

ವೇದಿಕೆಯ ಮೇಲೆ ನಿಂತು ಅದನ್ನು ಹೇಳಿದವಳು ನಾನು. ಚಪ್ಪಾಳೆ ಬಿದ್ದದ್ದು ನನಗೆ. ಕೇಳುತ್ತಾ ಕೂತಿದ್ದ ನಲ್ಲಿ ಕಂಪನಿಯ ಯಜಮಾನರು ಅಲ್ಲೇ ಕೆಲಸ ಕೊಟ್ಟದ್ದೂ ನನಗೆ. ಇವತ್ತಿಗೂ ನನ್ನ ಪ್ರತಿ ತರಬೇತಿ ಶುರುವಾಗುವುದು ಆ ಮಾತಿನಿಂದಲೇ. ಪಿಸುಮಾತು ಪರದೆಯ ಪಕ್ಕದಲ್ಲಿ ಸ್ಲೈಡ್ ಬದಲಾಯಿಸುತ್ತಿದ್ದಳು. ಅವಳಿಗೆ ಆ ಹೆಸರು ಬಂದದ್ದೇ ಬಾಯಿ ಬಿಟ್ಟರೆ ಪಕ್ಕದವರಿಗೂ ಕೇಳಿಸದ ದನಿಯಿಂದ.

ದೊರೆಗೆ ವಯಸ್ಸಾಗಿದೆ. ಮರೆವು.

ಮಾರ್ಚ್ 15, ಶನಿವಾರ

ಇವರು ಸ್ನಾನದ ಮನೆಯಲ್ಲಿ ಹಾಡುತ್ತಾರೆ! ಚೆನ್ನಾಗಿಯೇ ಹಾಡುತ್ತಾರೆ. ಹೊರಗೆ ಬಂದಾಗ, ‘ಯಾವಾಗಿಂದ?’ ಎಂದು ಬರೆದು ತೋರಿಸಿದೆ.

‘ಮೊದಲಿಂದ್ಲೂ,’ ಎಂದರು ತಲೆ ಒರೆಸಿಕೊಳ್ಳುತ್ತಾ. ‘ಆ ಹೊತ್ತಿಗೆ ನೀನು ಫೋನಲ್ಲಿರ್ತೀಯ.’

ಊಟದ ಹೊತ್ತಿನಲ್ಲಿ ಮಾತಿಗೆ ಶುರು ಮಾಡಿದರು. ಇವರು ಕೆಲಸ ಮಾಡುವುದು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಹೋಟೆಲಿನವನೊಬ್ಬ ತನ್ನ ಬಾವಿಯ ನೀರೆಂದು ಅಂಗಡಿಯ ಬಾಟಲಿ ನೀರನ್ನೇ ತುಂಬಿ ಪರೀಕ್ಷೆಗೆ ಕಳಿಸಿದನಂತೆ. ‘ನಾನೇನು ಬರೆದೆ ಗೊತ್ತಾ? “ನೀರು ಬಹಳ ಶುದ್ಧವಾಗಿದೆ. ತಮ್ಮ ಬಾವಿಗೆ ಮುಚ್ಚಳ ತಿರುಗಿಸಿ ಹಾಕಿಡುವುದು” ಅಂತ.’ ಅತ್ತೆಗೆ ನಗುವಿನಲ್ಲಿ ನೆತ್ತಿಗೇರಿತು. ನನ್ನ ಭುಜ ಅಲುಗಾಡುವುದನ್ನು ನೋಡಿ ಇವರು ಇನ್ನೊಂದು ಕಥೆ ತೆಗೆದರು. ಒಟ್ಟು ನಾಲ್ಕು ಕಥೆ. ಇಪ್ಪತ್ನಾಲ್ಕು ವರ್ಷ ನಾನು ಮದುವೆಯಾಗಿರುವುದು ಮಿತಭಾಷಿಯನ್ನು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಮಾರ್ಚ್ 18, ಮಂಗಳವಾರ

ಡಬಲ್ ಫೋನ್ ಮಾಡಿದ್ದಳು. ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಫೇಲಾಗಿ ಆ ಹೆಸರು ಪಡೆದವಳು ಈಗ ಸಂಖ್ಯಾಶಾಸ್ತ್ರದ ಮೇಡಂ!

‘ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡ್ತೀನಿ, ನಾನು ಇದರಲ್ಲಿ ಎರಡು ಸಲ ಡುಮ್ಕಿ ಅಂತ. ಹಿಂದಿನ ಬೆಂಚಿನವರ ಮುಖ ನೋಡಬೇಕು ನೀನು, ದೀಪ ಹಚ್ಚಿದ ಹಾಗೆ ಆಗುತ್ತೆ. ಫೇಲಾಗಿದ್ದು ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿದ್ದಿದ್ರೆ ಇನ್ನೊಂದ್ಸಲ ಆಗ್ತಿದ್ದೆ.’

ಒಂದು ಗಂಟೆ ಹತ್ತು ನಿಮಿಷ ಮಾತಾಡಿದಳು. ಅವಳದು ಅರ್ಧ ಪುಟದಲ್ಲಿ ಮುಗಿಯುವುದಿಲ್ಲ, ಒಂದು ಪುಟ ಕೊಡಬೇಕು. ಹಾಸ್ಟೆಲಿನಲ್ಲಿ ಪಿಸುಮಾತಿನ ಜೊತೆಗೆ ಒಂದೇ ರೂಮಿನಲ್ಲಿದ್ದವಳು. ‘ಮೂರು ವಾರ ಆ ಲಾಂಡ್ರೀಲೇ ಕೂತಿದ್ದಳಲ್ಲೇ ಅವಳು! ಬಂದೋರ ಜೊತೆ ಮಾತಾಡೋದು, ಬರ್ಕೊಳ್ಳೋದು. ನಮ್ಮ ರೂಮೆಲ್ಲ ಸೋಪಿನ ವಾಸನೆ.’

ಇವರು ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಫೋನ್ ಇಟ್ಟ ಮೇಲೆ ಸಹಜವಾಗಿ ಕೇಳಿದರು, ‘ನೀನು ಎಷ್ಟು ದಿನ ಕೂತಿದ್ದೆ ಅಲ್ಲಿ?’

ಹಾಳೆ ತೆಗೆದುಕೊಂಡೆ. ಪೆನ್ನಿನ ಮುಚ್ಚಳ ತೆಗೆದೆ. ‘ಹಾಲು ಮುಗಿದಿದೆ, ತನ್ನಿ’ ಎಂದು ಬರೆದುಕೊಟ್ಟೆ. ಪಾಪ, ಚಪ್ಪಲಿ ಮೆಟ್ಟಿಕೊಂಡು ಹೋದರು. ಫ್ರಿಜ್ಜಿನಲ್ಲಿ ಎರಡು ಲೀಟರ್ ಹಾಲಿತ್ತು.

ಮಾರ್ಚ್ 19, ಬುಧವಾರ

ಒಂದು ದಿನವೂ ಇಲ್ಲ.

ಆ ಲಾಂಡ್ರಿ ಯಾವ ಬೀದಿಯಲ್ಲಿತ್ತೆಂಬುದೂ ನನಗೆ ಗೊತ್ತಿಲ್ಲ.

ಮಾರ್ಚ್ 24, ಸೋಮವಾರ

ಡಾಕ್ಟರಮ್ಮ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದರು. ಊತ ಪೂರ್ತಿ ಇಳಿದಿಲ್ಲ. ಇನ್ನೊಂದು ವಾರ ಮೌನ. ‘ಆಮೇಲೆ?’ ಎಂದು ಬರೆದು ತೋರಿಸಿದೆ. ‘ಆಮೇಲೆ ನೋಡೋಣ,’ ಎಂದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸದ್ದು ಮಾಡದೆ ಅಳುವುದು ಬಲು ಕಷ್ಟ. ಇವರು ಪಕ್ಕದಲ್ಲಿ ಕೂತರು. ಕರವಸ್ತ್ರ ಕೊಟ್ಟರು. ಏನಾದರೂ ಹೇಳುತ್ತಾರೇನೋ ಎಂದುಕೊಂಡೆ. ಹೇಳಲಿಲ್ಲ, ನನ್ನ ಕೈ ಮೇಲೆ ಬೆರಳಿನಿಂದ ಒಂದು ಸಲ ಕುಟ್ಟಿದರು.

ಮಾರ್ಚ್ 26, ಬುಧವಾರ

ಅಸಿಸ್ಟೆಂಟ್ ಹುಡುಗಿಯ ಮೆಸೇಜು: ‘ಮೇಡಂ, ಕ್ಲಾಸನ್ನ ನಿಮ್ಮ ಮಾತಿನಿಂದಲೇ ಶುರು ಮಾಡ್ತಿದೀನಿ. ಕಾಯೋದು ಕಷ್ಟವಲ್ಲ ಅನ್ನೋದು. ಎಲ್ಲರೂ ಬರ್ಕೋತಾರೆ.’

‘ಅದು ನನ್ನ ಮಾತಲ್ಲ. ನನ್ನ ಸ್ನೇಹಿತೆಯದು,’ ಎಂದು ಉತ್ತರ ಕಳಿಸಿದೆ. ಆಮೇಲೆ ಯಾಕೋ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ತಿಂದೆ.

ನನ್ನದೂ ಸೇರಿ ಮೂವತ್ತೇಳು ಜನರದು ಬರೆದಾಯಿತು. ಪಿಸುಮಾತು ಮಾತ್ರ ಇನ್ನೂ ಫೋನ್ ಮಾಡಿಲ್ಲ. ಮಾಡುವುದಿಲ್ಲ ಎಂದು ನನಗೆ ಗೊತ್ತು.

ಮಾರ್ಚ್ 28, ಶುಕ್ರವಾರ

ದೊರೆಯಿಂದ ವಿಳಾಸ ತರಿಸಿಕೊಂಡು ನಾನೇ ಹೋದೆ. ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೆ. ಐದನೆಯದು ಚೀಲದಲ್ಲಿತ್ತು.

‘ಕಾಲು! ಕಾಲು ಒದೀರಿ! ಅಜ್ಜಾ, ಮಂಡಿ ಬಗ್ಗಿಸಬೇಡಿ! ನೀರೇನೂ ನಿಮ್ಮ ಶತ್ರು ಅಲ್ಲ!’ ಈಜುಕೊಳದ ಕಟ್ಟಡದ ಹೊರಗೇ ಈ ಕೂಗು ಕೇಳಿಸಿತು. ಯಾರಪ್ಪ ಈ ಗಂಟಲಿನವರು ಎಂದುಕೊಳ್ಳುತ್ತಾ ಒಳಗೆ ಹೋದರೆ, ಕೊಳದ ಅಂಚಿನಲ್ಲಿ ಕೊರಳಿಗೆ ಸೀಟಿ, ಸೊಂಟದ ಮೇಲೆ ಕೈ, ನರೆತ ಕೂದಲು — ಪಿಸುಮಾತು! ನೀರಿನಲ್ಲಿ ಏಳೆಂಟು ಜನ ಮುದುಕರು, ಮುದುಕಿಯರು ಹಲಗೆ ಹಿಡಿದು ಒದ್ದಾಡುತ್ತಿದ್ದರು.

ನನ್ನನ್ನು ನೋಡಿ ಗುರುತು ಹಿಡಿದಳು. ಬರಲಿಲ್ಲ. ಅಜ್ಜನನ್ನು ಆ ದಡ ಮುಟ್ಟಿಸಿ, ಎಲ್ಲರನ್ನೂ ಮೇಲೆ ಹತ್ತಿಸಿ, ಆಮೇಲೆ ಬಂದಳು. ‘ಛತ್ರಿ ಹೇಳಿದ ನಿನ್ನ ವಿಷಯ,’ ಎಂದಳು. ಅಷ್ಟೇ. ಪತ್ರ ಕೊಟ್ಟೆ. ಕೈ ಒರೆಸಿಕೊಂಡು, ಬೆಂಚಿನ ಮೇಲೆ ಕೂತು ಓದಿದಳು.

‘ಲಾಂಡ್ರಿಯಲ್ಲಿ ಮೂರು ವಾರ ಕೂತವಳು ನೀನು. ಆ ಮಾತು ನಿನ್ನದು. ನನ್ನದೆಂದು ಹೇಳಿಕೊಂಡೆ. ಹೇಳೀ ಹೇಳೀ ನನ್ನದೇ ಎಂದು ನಂಬಿಬಿಟ್ಟೆ. ಅದರಿಂದಲೇ ನನಗೆ ಕೆಲಸ ಸಿಕ್ಕಿತು. ತಪ್ಪಾಯಿತು.’

ಮಡಿಸಿದಳು. ಮುಖದಲ್ಲಿ ನಗು ಇರಲಿಲ್ಲ. ‘ಹೊಟ್ಟೆ ಉರೀತು ಕಣೇ ಆವತ್ತು. ಸುಳ್ಳು ಯಾಕೆ ಹೇಳ್ಲಿ? ಎರಡು ವರ್ಷ ಉರೀತು. ಕನ್ನಡಿ ಮುಂದೆ ನಿಂತ್ಕೊಂಡು ನಿಂಗೆ ಬೈತಿದ್ದೆ. ಅದೂ ಮೆಲ್ಲಗೆ.’

ನಾನು ತಲೆ ತಗ್ಗಿಸಿದೆ. ತಡೆದು ಮಾತಾಡಲು, ಸಮಜಾಯಿಷಿ ಕೊಡಲು, ವಿಷಯ ಬದಲಾಯಿಸಲು ಬಾಯಿಯಿಲ್ಲ. ಕೂತು ಕೇಳಿದೆ. ಅವಳಿಗೂ ಹೇಳುವುದು ತುಂಬ ಇತ್ತು. ಎಲ್ಲ ಹೇಳಿದಳು. ಹೇಳಿ ಮುಗಿಸಿ ಉಸಿರು ಬಿಟ್ಟಳು.

‘ಒಂದಿನ ಅನ್ನಿಸ್ತು, ಅವಳು ಕದ್ದಳು ಸರಿ, ನಾನ್ಯಾಕೆ ಕೂಗಲಿಲ್ಲ? ಕೂಗೋದು ಕಲೀಬೇಕು ಅಂತಲೇ ಇಲ್ಲಿ ಸೇರಿದ್ದು. ಇಲ್ಲಿ ಪಿಸುಗುಟ್ಟಿದ್ರೆ ಜನ ಮುಳುಗ್ತಾರೆ.’ ಆಗ ನಕ್ಕಳು. ಛಾವಣಿಗೆ ತಾಗಿ ತಿರುಗಿ ಬರುವಂಥ ನಗು. ‘ನಾನು ಗಂಟಲು ಬೆಳೆಸ್ಕೊಂಡೆ, ನೀನು ಕಳ್ಕೊಂಡೆ. ಬಾ, ನೀರಿಗಿಳಿ.’

ನೀರೆಂದರೆ ನನಗೆ ಜೀವ ಹೋಗುವಷ್ಟು ಭಯ. ಬೆಂಚಿನ ಮೇಲೆ ಎರಡು ಸಲ ಕುಟ್ಟಿದೆ.

‘ಒಂದೇ ಕೇಳಿಸ್ತು ನಂಗೆ,’ ಎಂದಳು.

ಮಾರ್ಚ್ 30, ಭಾನುವಾರ

ತಲೆ ಮುಳುಗಿಸದಿದ್ದರೆ ಆಗಬಹುದು ಎಂದು ಡಾಕ್ಟರಮ್ಮ ಒಪ್ಪಿದರು. ಇವರ ಜೊತೆ ಹೋದೆ. ಅತ್ತೆಯೂ ಬಂದರು, ‘ಇದನ್ನ ನೋಡದೆ ಸತ್ತರೆ ಹೇಗೆ’ ಎಂದು.

ತೇಲಿದೆ! ಅಂಗಾತ ಮಲಗಿ, ಬೆನ್ನ ಕೆಳಗೆ ಅವಳ ಕೈ. ಯಾವಾಗ ಕೈ ತೆಗೆದಳೋ ಗೊತ್ತಾಗಲಿಲ್ಲ. ಎಷ್ಟು ಎಣಿಸಿದಳೆಂದು ಆಮೇಲೆ ಹೇಳಿದಳು: ಇಪ್ಪತ್ತೆರಡು. ಐವತ್ತರ ವಯಸ್ಸಿನಲ್ಲಿ ಒಂದು ಹೊಸ ವಿದ್ಯೆ. ದಡದಲ್ಲಿ ಅತ್ತೆ ಚಪ್ಪಾಳೆ ಹೊಡೆಯುತ್ತಾ, ‘ನನ್ನ ಸೊಸೆ! ಅದು ನನ್ನ ಸೊಸೆ!’ ಎಂದು ಗುರುತಿಲ್ಲದ ಅಜ್ಜನಿಗೆ ತೋರಿಸುತ್ತಿದ್ದರು.

ಮನೆಗೆ ಬಂದು ಪಿಸುಮಾತಿನದು ಬರೆದೆ. ಎರಡು ಪುಟ ಆಯಿತು. ಛತ್ರಿ ಬೈಯಲಿ.

ಏಪ್ರಿಲ್ 1, ಮಂಗಳವಾರ

‘ಆ ಅನ್ನಿ,’ ಎಂದರು ಡಾಕ್ಟರಮ್ಮ. ಅಂದೆ. ಬಾವಿಯೊಳಗಿಂದ ಯಾರೋ ಗಂಡಸು ಕೂಗಿದ ಹಾಗಾಯಿತು.

ಧ್ವನಿ ಬಂದಿದೆ! ಹಳೆಯದಲ್ಲ. ತಗ್ಗಿದ, ಗೊರಗೊರ ಧ್ವನಿ. ಬಹುಶಃ ಇನ್ನು ಹೀಗೇ. ದಿನಕ್ಕೆ ಐದು ನಿಮಿಷದಿಂದ ಶುರು. ಮುಂದೆಯೂ ಆರು ಗಂಟೆ ನಿಂತು ಮಾತಾಡುವುದು ಸಾಧ್ಯವಿಲ್ಲ, ಎರಡು ಗಂಟೆ ಸಾಕು ಎಂದರು. ಮ್ಯಾನೇಜರರಿಗೆ ಬರೆದುಬಿಟ್ಟೆ: ಉಳಿದ ಕ್ಲಾಸುಗಳನ್ನು ಆ ಹುಡುಗಿಗೇ ಕೊಡಿ, ಚೆನ್ನಾಗಿ ಮಾಡುತ್ತಾಳೆ.

ಹೊರಗೆ ಬಂದು ಇವರ ಹೆಸರು ಹಿಡಿದು ಕರೆದೆ. ಇವರು ತಿರುಗಿ ನೋಡಿ, ‘ಯಾರು ಬೇಕಿತ್ತು?’ ಎಂದರು.

ಏಪ್ರಿಲ್ 12, ಶನಿವಾರ

ಮೂವತ್ತೊಂದು ಜನ ಬಂದಿದ್ದರು. ಹಾಲಿನ ತುಂಬ ಛತ್ರಿಯ ಕುರ್ಚಿಗಳು. ದೊರೆ ಟೈ ಕಟ್ಟಿಕೊಂಡು ಬಂದಿದ್ದ. ಕೋಟಿನ ಜೇಬಿನಿಂದ ಹಳದಿ ಟೋಪಿ ತೆಗೆದು ಕೈಯಿಂದ ಕೈಗೆ ದಾಟಿಸಿದ. ನನಗೆ ಹೇಳಿದ್ದ ಗುಟ್ಟನ್ನು ಅವನೇ ಹಾಲಿಗೆಲ್ಲ ಹೇಳುತ್ತಾ ತಿರುಗುತ್ತಿದ್ದ. ಎಲ್ಲರ ಕೈಯಲ್ಲೂ ಪುಸ್ತಕ. ‘ಇಷ್ಟೆಲ್ಲ ನಾನು ನಿಂಗೆ ಹೇಳಿದ್ನಾ?’ ಎಂದು ಡಬಲ್ ಕಣ್ಣೊರೆಸಿಕೊಂಡಳು.

ಛತ್ರಿ ಮೈಕ್ ತಂದು ನನ್ನ ಕೈಗಿಟ್ಟ. ‘ರೇಡಿಯೋ ಮತ್ತೆ ಶುರು! ಆದ್ರೆ ಇವತ್ತು ಹತ್ತೇ ನಿಮಿಷ ಪ್ರಸಾರ.’

ಎದ್ದು ನಿಂತೆ. ಮೊದಲ ಸಲ ಮೈಕ್ ಹಿಡಿದವಳ ಹಾಗೆ ಬೆವರಿದೆ. ‘ನಮ್ಮ ಗುಂಪಿನ ಲಾಂಡ್ರಿ ಯೋಜನೆ ಗೆದ್ದಿದ್ದು ನಿಮಗೆಲ್ಲ ನೆನಪಿದೆ,’ ಎಂದೆ. ‘ಅದು ನಂದಲ್ಲ. ಮೂರು ವಾರ ಅಲ್ಲಿ ಕೂತು ಜನರ ಮಾತು ಕೇಳಿದೋಳು ಅಗೋ, ಕೊನೇ ಸಾಲಲ್ಲಿದಾಳೆ. ನಾನು ಅವಳ ಹೆಸರು ಹೇಳದೆ ಚಪ್ಪಾ‍ಳೆ ತಗೊಂಡೆ. ತಪ್ಪು ನಂದು.’

ಕೊನೆಯ ಸಾಲಿನಿಂದ ಈಜುಕೊಳದ ಗಂಟಲು ಎದ್ದಿತು: ‘ಕೇಳಿಸ್ಲಿಲ್ಲ! ಇನ್ನೊಂದ್ಸಲ!’

ಮೂವತ್ತೊಂದು ಜನ ಒಟ್ಟಿಗೆ ನಕ್ಕರು. ಇನ್ನೊಂದು ಸಲ ಹೇಳಿದೆ.

‘ಇನ್ನೂ ಒಂದ್ಸಲ!’

ಮೂರನೆಯ ಸಲ ಹೇಳುವಾಗ ಇಡೀ ಬ್ಯಾಚು ನನ್ನ ಜೊತೆ ಹೇಳಿತು. ಪಿಸುಮಾತು ಎದ್ದು ಬಂದು, ಎಲ್ಲರೆದುರು ನನ್ನನ್ನು ತಬ್ಬಿಕೊಂಡು, ಮೈಕನ್ನು ಕಿತ್ತುಕೊಂಡು ಪಕ್ಕಕ್ಕಿಟ್ಟಳು. ಅವಳಿಗೆ ಅದು ಬೇಕಿರಲಿಲ್ಲ. ಆ ಮೂರು ವಾರದ ಕಥೆ ಶುರು ಮಾಡಿದಳು. ನಾನು ಮುಂದಿನ ಸಾಲಿನಲ್ಲಿ ಕೂತೆ.

ಲಾಂಡ್ರಿಗೆ ದಿನಾ ಒಬ್ಬ ಮುದುಕರು ಬರುತ್ತಿದ್ದರಂತೆ. ದಿನಾ ಒಂದೇ ಬಿಳಿ ಅಂಗಿ. ನೋಡಿದರೆ ಕೊಳೆಯೇ ಇಲ್ಲ, ನಿನ್ನೆ ಇಸ್ತ್ರಿ ಮಾಡಿದ ಗೆರೆ ಹಾಗೇ ಇದೆ. ‘ಒಂದಿನ ಧೈರ್ಯ ಮಾಡಿ ಕೇಳೇಬಿಟ್ಟೆ, ಯಾಕೆ ದಿನಾ ತರ್ತೀರ ಅಂತ,’ ಎಂದು ಹೇಳಿ ಅವಳು ನೀರು ಕುಡಿಯಲು ನಿಲ್ಲಿಸಿದಳು.

‘ಆಮೇಲೆ?’ ಎಂದು ಯಾರೋ ಕೇಳಿದರು. ಗೊರಗೊರ ದನಿ. ಅದು ನನ್ನದೆಂದು ತಿಳಿಯಲು ಒಂದು ಕ್ಷಣ ಹಿಡಿಯಿತು.

ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ‘“ಬಟ್ಟೆ ಕೊಟ್ರೆ ಕೌಂಟರಿನ ಹುಡುಗಿ ನಂಗೆ ಮಾತ್ರ ನಾಳೆ ಐದು ಗಂಟೆಗೆ ಬನ್ನಿ ಅಂತಾಳೆ. ನಂಗೆ ನಾಳೆ ಬನ್ನಿ ಅನ್ನೋರು ಬೇರೆ ಯಾರೂ ಇಲ್ಲಮ್ಮ” ಅಂದ್ರು. ನಮ್ಮ ಚೀಟಿ ಹುಟ್ಟಿದ್ದು ಅಲ್ಲಿ.’

ಬಾಗಿಲಿನಲ್ಲಿ ಊಟ ಬಡಿಸುವವರು ಎರಡು ಸಲ ಬಂದು ಇಣುಕಿದರು. ಯಾರೂ ಏಳಲಿಲ್ಲ. ‘ಇನ್ನೊಂದು ಹೇಳೇ,’ ಎಂದ ಛತ್ರಿ, ತನ್ನದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತು.